ಕಾಯಿಸಿದ ನೀರು

"ತುಟಿ, ಉಗುರು, ಅಂಗಾಲು... ಎಲ್ಲಾ ನೀಲಿ ಆಗ್ಬಿಟ್ಟಿತ್ತು ಮೇಡಂ" ಎಂದ ಡ್ರೈವರ್, ಗೇರು ಬದಲಾಯಿಸುತ್ತ. ಮೊಮ್ಮಗಳನ್ನು ಮಣ್ಣು ಮಾಡಿ ವಾರವಾಗಿತ್ತು, ಇವತ್ತೇ ಕೆಲಸಕ್ಕೆ ಮರಳಿದ್ದ. ಬೆಳಿಗ್ಗೆ ಜೀಪು ಒರೆಸುವಾಗಲಾಗಲಿ, ಆಮೇಲೆ ಊರು ದಾಟುವವರೆಗಾಗಲಿ ಬಾಯಿ ಬಿಟ್ಟಿರಲಿಲ್ಲ. ರಸ್ತೆ ನೇರವಾದ ಮೇಲೆ ಮಾತು ತಾನಾಗಿಯೇ ಹೊರಗೆ ಬಂದಿತ್ತು.

ಹಿಂದಿನ ಸೀಟಿನಲ್ಲಿ ಬಾಟಲಿಗಳ ಪೆಟ್ಟಿಗೆಯ ಪಕ್ಕ ಕೂತಿದ್ದ ಎಂಜಿನಿಯರಮ್ಮ ಸಮಾಧಾನದ ಮಾತೊಂದನ್ನು ಹೊಂದಿಸಿಕೊಳ್ಳುತ್ತಿದ್ದಳು. ನೀಲಿ ಎಂಬುದು ಕಿವಿಗೆ ಬಿದ್ದದ್ದೇ ಅದನ್ನು ಬಿಟ್ಟು ಮುಂದಕ್ಕೆ ಬಾಗಿದಳು.

ನೀರಿನ ಎಂಜಿನಿಯರಿಂಗ್ ಓದಿದವರಿಗೆಲ್ಲ ಆ ನೀಲಿ ಗೊತ್ತು. ಪಠ್ಯಪುಸ್ತಕದಲ್ಲಿ ಅರ್ಧ ಪುಟ, ಪರೀಕ್ಷೆಯಲ್ಲಿ ಐದು ಅಂಕ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಎಂಬ ಗೊಬ್ಬರದ ಉಪ್ಪು ಮಿತಿಮೀರಿದರೆ ದೊಡ್ಡವರಿಗೆ ತಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಬಾಟಲಿ ಹಾಲು ಕುಡಿಯುವ ಹಸುಗೂಸಿನ ರಕ್ತ ಮಾತ್ರ ಉಸಿರನ್ನು ಹೊರಲಾರದೆ ಸೋಲುತ್ತದೆ, ಮೈ ನೀಲಿಗಟ್ಟುತ್ತದೆ. ಉತ್ತರ ಬರೆದು ಅಂಕ ಗಿಟ್ಟಿಸಿದವರು ಇಲಾಖೆಯ ತುಂಬ ಇದ್ದರು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ.

"ಬಾಟಲಿ ಹಾಲು ಕೊಡ್ತಿದ್ರಾ?"

"ಇನ್ನೇನ್ ಮಾಡೋದು ಮೇಡಂ? ಹೆರಿಗೆ ಆದ್ಮೇಲೆ ಸೊಸೆಗೆ ಜ್ವರ ಬಂದು ಎದೆಹಾಲು ನಿಂತೋಯ್ತು. ಪುಡಿ ಹಾಲೇ ಗತಿ. ನೀವೇ ಹೇಳಿದ್ರಲ್ಲ, ಚೆನ್ನಾಗಿ ಕಾಯಿಸಿದ ನೀರಲ್ಲೇ ಕಲಸೋಕೆ ಹೇಳಿ ಅಂತ. ಹೋಗಿ ಹಾಗೇ ಹೇಳಿದೆ. ನಮ್ ಮೇಡಂ ಅಂದ್ರೆ ನೀರಿನ ಡಾಕ್ಟ್ರು, ಅವರ ಮಾತು ಮೀರಬೇಡ ಅಂದೆ."

ಹೇಳಿದ್ದು ನಿಜ. ಮಗು ಹುಟ್ಟಿತೆಂದು ಅವನು ಸಿಹಿ ಹಂಚಿದ ದಿನ, ಬಾಯಿಪಾಠದಂತೆ ಬಾಯಿಂದ ಉದುರಿದ ಮಾತು. ಕಾಯಿಸಿದರೆ ಸಾಯುವುದು ಕ್ರಿಮಿ. ಇದು ಕ್ರಿಮಿಯಲ್ಲ, ಉಪ್ಪು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ, ಕಾಯಿಸಿದಷ್ಟೂ ಗಟ್ಟಿಯಾಗುತ್ತದೆ. ಆ ಅರ್ಧ ಪುಟದಲ್ಲಿ ಇದೂ ಇತ್ತು.

"ಸೊಸೆ ಹೇಗಿದಾಳೆ?" ಎಂದಳು. ದನಿ ತನ್ನದಲ್ಲವೆನ್ನಿಸಿತು.

"ಅವಳು ನಮ್ಮನೇಲಿಲ್ಲ." ಅವನು ಕನ್ನಡಿಯಲ್ಲಿ ಆಕೆಯ ಮುಖ ತಪ್ಪಿಸಿದ. "ಅವಳ ಅಣ್ಣನ ಮನೆಗೆ ಕಳಿಸಿಬಿಟ್ವಿ. ನಮ್ಮನೆಯವಳದು ಒಂದೇ ಹಟ. ಇವಳು ಸೋಮಾರಿ, ನೀರು ಕಾಯಿಸದೆ ಕೊಟ್ಟಿದಾಳೆ, ಹೆತ್ತ ಕೂಸನ್ನ ಕೈಯಾರೆ ಕೊಂದಳು ಅಂತ. ಮಗನೂ ಅಮ್ಮನ ಕಡೆಗೇ. ಇಬ್ಬರ ಮಧ್ಯ ನಾನೇನ್ ಹೇಳ್ಲಿ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಆಕೆ ಸೇತುವೆಯ ಬಳಿ ಜೀಪು ನಿಲ್ಲಿಸಲು ಹೇಳಿದಳು.

ಹೊಳೆಗೆ ಇಳಿದರೆ ಸೊಂಟದವರೆಗೆ ನೀರಿರಬೇಕಾದ ಜಾಗವದು. ಚಪ್ಪಲಿ ಕಳಚುವ ಪ್ರಸಂಗವೂ ಬರಲಿಲ್ಲ. ಬಂಡೆಗಳು ಬೆಳ್ಳಗೆ ಒಣಗಿ ಬಿದ್ದಿದ್ದವು. ನಡುವೆ ತೆಳ್ಳನೆಯ ಹರಿವೊಂದು ಪಾಚಿ ಎಳೆದುಕೊಂಡು ಕೆಳಗಿದ್ದ ಡ್ರೈವರನ ಊರಿನ ನೀರೆತ್ತುವ ಬಾವಿಯತ್ತ ಸಾಗಿತ್ತು. ಎದುರು ದಡದಲ್ಲಿ ಗೊಬ್ಬರದ ಕಾರ್ಖಾನೆಯ ಕೊಳವೆ. ಆ ತೆಳ್ಳನೆಯ ಹರಿವೆಲ್ಲ ಅದರ ಬಾಯಿಂದಲೇ ಬರುತ್ತಿತ್ತು.

ಕೊಳವೆಗೆ ಅನುಮತಿ ಕೊಟ್ಟವಳು ಆಕೆಯೇ. ಹೊಳೆ ಕಡುಬೇಸಿಗೆಯಲ್ಲೂ ಇಷ್ಟು ಹರಿಯುತ್ತದೆ, ಅದರಲ್ಲಿ ಕಾರ್ಖಾನೆ ಇಷ್ಟು ಬಿಟ್ಟರೆ ತುಂಬಿದ ಹಂಡೆಗೆ ಚಮಚೆ ಉಪ್ಪು ಹಾಕಿದಂತೆ ಕರಗಿಹೋಗುತ್ತದೆ ಎಂದು ಲೆಕ್ಕ ಹಾಕಿ ಸಹಿ ಮಾಡಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು. ಕಾರ್ಖಾನೆಯವರೂ ಮಾತಿಗೆ ತಪ್ಪಿರಲಿಲ್ಲ. ಪ್ರತಿ ತಿಂಗಳೂ ಸಿಬ್ಬಂದಿ ಕೊಳವೆಯ ಬಾಯಲ್ಲಿ ಹಿಡಿದು ತಂದ ನೀರು ಒಮ್ಮೆಯೂ ಮಿತಿ ದಾಟಿರಲಿಲ್ಲ. ಇಲ್ಲದೆ ಹೋದದ್ದು ಹಂಡೆ. ಮೂಗಿಗಿಂತ ಮೂಗುತಿ ಭಾರವಾಗಿ ಈಗ ಮೂಗೇ ಇರಲಿಲ್ಲ.

"ಹೊಳೆ ಏನಾಯ್ತು?" ಆಕೆ ದಡದ ಮೇಲಿದ್ದ ಡ್ರೈವರನ್ನು ಕೂಗಿ ಕೇಳಿದಳು.

"ಮೇಲೆ ಒಡ್ಡಿನ ಹತ್ರ ತಿರುಗಿಸಿದಾರಲ್ಲ ಮೇಡಂ, ದೊಡ್ಡ ಊರಿಗೆ ಅಂತ." ಅವನಿಗೆ ಆಶ್ಚರ್ಯ. "ನಮ್ಮ ಸಾಹೇಬ್ರೇ ನಿಂತು ಬಾಗಿಲು ತೆಗೆಸಿದ್ದು. ನಿಮಗೆ ಗೊತ್ತಿಲ್ವಾ?"

ಸಾಹೇಬರೆಂದರೆ ಆಕೆಯ ಗಂಡ. ಒಂದೇ ಕಟ್ಟಡ, ಕೆಳಗಿನ ಮಹಡಿಯಲ್ಲಿ ನೀರಿನ ಗುಣಮಟ್ಟದ ವಿಭಾಗ, ಮೇಲಿನ ಮಹಡಿಯಲ್ಲಿ ನೀರಿನ ಹಕ್ಕಿನ ವಿಭಾಗ. ಯಾರಿಗೆ ಎಷ್ಟು ನೀರೆಂದು ನಿರ್ಧರಿಸುವವನು ಅವನು, ಆ ನೀರು ಹೇಗಿರಬೇಕೆಂದು ನೋಡುವವಳು ಈಕೆ. "ಗಂಡ ಹಂಚ್ತಾರೆ, ಹೆಂಡ್ತಿ ಸೋಸ್ತಾರೆ" ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದರು. ನಗುವ ಬಾಯಿ ನಾಳೆ ಬೇರೆಯದನ್ನೂ ಆಡೀತೆಂದು ಮದುವೆಯಾದ ಹೊಸದರಲ್ಲೇ ಇಬ್ಬರೂ ಒಂದು ಕಟ್ಟು ಮಾಡಿಕೊಂಡಿದ್ದರು. ಆಫೀಸಿನ ಮಾತು ಮನೆಯ ಹೊಸ್ತಿಲು ದಾಟಕೂಡದು. ಯಾರಾದರೂ ಮರೆತು ಬಾಯಿ ತೆರೆದರೆ ಇನ್ನೊಬ್ಬರು ಬಾಗಿಲಿನತ್ತ ಬೆರಳು ತೋರಿಸಬೇಕು, ಅಷ್ಟೇ. ಬಂದ ನೆಂಟರ ಮುಂದೆಲ್ಲ ಇದನ್ನು ಹೇಳಿಕೊಂಡು ಹೆಮ್ಮೆಪಟ್ಟಿದ್ದರು.

ಅವತ್ತು ಸಂಜೆ ಗಂಡ ಅಡುಗೆಮನೆಯಲ್ಲಿ ನಲ್ಲಿಯ ವಾಷರು ಬದಲಾಯಿಸುತ್ತಿದ್ದ. ಆಕೆ ಬ್ಯಾಗು ಕೆಳಗಿಡದೆ ಕೇಳಿದಳು. "ಹೊಳೆ ಯಾವಾಗ ತಿರುಗಿಸಿದೆ?"

ಅವನು ನಗುತ್ತ ಬಾಗಿಲಿನತ್ತ ಬೆರಳು ತೋರಿಸಿದ.

"ಹೊಸ್ತಿಲು ಹಾಳಾಗ್ಲಿ. ಯಾವಾಗ?"

ಅವನ ಬೆರಳು ಹಾಗೇ ನಿಂತಿತು. "ಹೋದ ಮಳೆಗಾಲ ಮುಗಿದ ಮೇಲೆ. ಯಾಕೆ?"

"ನನಗೆ ಹೇಳಲಿಲ್ಲ."

"ಹೇಳೋಕೆ ಬಂದಿದ್ದೆ" ಎಂದ ನಿಧಾನವಾಗಿ. "ಇಲ್ಲೇ ನಿಂತಿದ್ದೆ. ಆ ಗೊಬ್ಬರದ ಕಾರ್ಖಾನೆ ಕೆಳಗೆ ನೀರು, ಅಂದೆ ಅಷ್ಟೇ. ನೀನು ಸೌಟು ಎತ್ತಿ ಬಾಗಿಲು ತೋರಿಸಿದೆ. ನೀನು ನಕ್ಕೆ. ನಾನೂ ನಕ್ಕೆ."

ಆಕೆಗೆ ನೆನಪಾಯಿತು. ಸೌಟು, ಆ ಸೌಟಿನಿಂದ ನೆಲಕ್ಕೆ ಬಿದ್ದ ಹನಿ, ಅದನ್ನು ಕಾಲಲ್ಲೇ ಒರೆಸಿದ್ದು, ಇಬ್ಬರ ನಗು.

"ಮಾರನೇ ದಿನ ಕೆಳಗಿಳಿದು ಬಂದು ಹೇಳಬಹುದಿತ್ತು."

"ಹೇಳಬಹುದಿತ್ತು. ಆದರೆ ನೀನು ಹೇಗೂ ತಿಳ್ಕೊಂಡಿರ್ತೀಯ ಅಂದ್ಕೊಂಡೆ. ಊರಿಗೆಲ್ಲ ಗೊತ್ತಿತ್ತಲ್ಲ."

"ಊರಿಗೆಲ್ಲ ಗೊತ್ತಿತ್ತು. ನಿನ್ನ ಹೆಂಡ್ತಿಗೆ ಗೊತ್ತಿಲ್ಲದೆ ಇರುತ್ತಾ ಅಂದ್ಕೊಂಡು ಒಬ್ಬರೂ ನನಗೆ ಹೇಳಲಿಲ್ಲ." ಆಕೆ ಗೋಡೆಗೆ ಒರಗಿದಳು. "ಇದ್ದಿದ್ದು ಒಂದು ಕೊಡ ನೀರು ಕಣೋ. ಅದನ್ನ ನೀನು ದೊಡ್ಡ ಊರಿನವರಿಗೆ ಕೊಟ್ಟುಬಿಟ್ಟೆ. ಅದೇ ನೀರಲ್ಲಿ ಕರಗಿಸ್ಕೊಳ್ಳಿ ಅಂತ ನಾನು ಕಾರ್ಖಾನೆಯವರಿಗೆ ಕೊಟ್ಟೆ."

ಡ್ರೈವರನ ಮೊಮ್ಮಗಳ ವಿಷಯ ಕೇಳಿದ ಮೇಲೆ ಗಂಡ ನೆಲದ ಮೇಲೆಯೇ ಕೂತು, ಪಾನಾ ಹಿಡಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ. ಆಕೆಗೆ ಅಳು ಬರಲಿಲ್ಲ. ಅವನ ಮೇಲೆ ಸಿಟ್ಟೂ ಬರಲಿಲ್ಲ. ಗೂಡಿನಲ್ಲಿದ್ದ ಸೌಟನ್ನು ತೆಗೆದು ಕಣ್ಣಿಗೆ ಬೀಳದಂತೆ ಡಬ್ಬಿಗಳ ಹಿಂದೆ ಇಟ್ಟಳು.

ಆ ಊರಿನ ನಲ್ಲಿಯಿಂದ ಹಿಡಿದು ಕಳಿಸಿದ ನೀರಿಗೆ ಕೆಲವು ದಿನದ ಮೇಲೆ ಬಂದ ಪ್ರಯೋಗಾಲಯದ ಉತ್ತರ ಆಕೆ ಹೆದರಿದ್ದಕ್ಕಿಂತ ಕೆಟ್ಟದಾಗಿತ್ತು. ಇಬ್ಬರೂ ಒಟ್ಟಿಗೇ ಮುಖ್ಯ ಎಂಜಿನಿಯರರ ಕೋಣೆಗೆ ಹೋದರು. ಇಲಾಖೆಯಲ್ಲಿ ಅದೊಂದು ಹೊಸ ದೃಶ್ಯ, ಜವಾನ ಬಾಗಿಲ ಸಂದಿಯಿಂದ ನೋಡಿದ. ಊರಿಗೆ ಆ ನೀರು ನಿಲ್ಲಿಸಬೇಕು, ಒಡ್ಡಿನ ಬಾಗಿಲು ಅರ್ಧವಾದರೂ ಮುಚ್ಚಬೇಕು ಎಂದು ಆಕೆ ಹೇಳಿದಳು. ಮುಖ್ಯ ಎಂಜಿನಿಯರು ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನಿಲ್ಲಿಸಿದ್ರೆ ಆ ಊರು ಏನು ಕುಡಿಯುತ್ತಮ್ಮ? ಬಾಗಿಲು ಮುಚ್ಚಿದ್ರೆ ದೊಡ್ಡ ಊರು ಸುಮ್ಮನಿರುತ್ತಾ? ಕಾರ್ಖಾನೆಯವರು ಮಿತಿ ದಾಟಿಲ್ಲ, ಇವರು ಹಕ್ಕು ಮೀರಿ ಕೊಟ್ಟಿಲ್ಲ. ಯಾರನ್ನ ಹಿಡಿಯೋಣ, ನೀನೇ ಹೇಳು. ನಾನು ಮೇಲಕ್ಕೆ ಬರೀತೀನಿ. ಒಂದು ಸಮಿತಿ ಆಗುತ್ತೆ. ಅಲ್ಲೀವರೆಗೆ ಟ್ಯಾಂಕಿನ ಬೋರ್ಡಿನ ಮೇಲೆ, ಹಸುಳೆಗಳಿಗೆ ಈ ನೀರು ಬಳಸಬಾರದು ಅಂತ ಒಂದು ಸಾಲು ಬರೆಸೋಣ."

"ಹಾಗಾದ್ರೆ ಯಾವ ನೀರು ಬಳಸಬೇಕು ಸರ್?"

ಅವರು ಕನ್ನಡಕ ಹಾಕಿಕೊಂಡು ಗಂಟೆ ಒತ್ತಿದರು. ಪೇಂಟರನಿಗೆ ಹೇಳಿ ಕಳಿಸಿದರು.

ಇಷ್ಟು ವರ್ಷದ ನೌಕರಿಯಲ್ಲಿ ಹೀಗೆ ಕೈ ಖಾಲಿಯಾದದ್ದು ಆಕೆಗೆ ನೆನಪಿಲ್ಲ. ನೀರನ್ನು ಸರಿಮಾಡುವುದು ಆಗದ ಮಾತು. ಸತ್ತ ಕೂಸು ಬರುವುದಿಲ್ಲ. ಮಾಡಬಹುದಾದದ್ದು ಒಂದೇ ಒಂದು ಉಳಿದಿತ್ತು, ಡ್ರೈವರನ ಸೊಸೆಯ ತಲೆಯ ಮೇಲಿನ ಅಪವಾದವನ್ನು ಇಳಿಸುವುದು. ಅಷ್ಟಾದರೂ ಮಾಡದಿದ್ದರೆ ತನ್ನ ಮುಖ ತಾನು ನೋಡಿಕೊಳ್ಳಲಾರೆ ಎನ್ನಿಸಿತು. ಆಕೆ ಡ್ರೈವರನ್ನು ಕರೆದು ಜೀಪು ಹತ್ತಿದಳು.

ದಾರಿಯಲ್ಲಿ ಎಲ್ಲವನ್ನೂ ಹೇಳಿದಳು. ಹೊಳೆ, ಕೊಳವೆ, ಸಹಿ, ಸೌಟು. "ತಪ್ಪು ನಂದು, ನಮ್ಮನೆಯವರದು. ನಿಮ್ಮ ಸೊಸೆದಲ್ಲ."

ಡ್ರೈವರ್ ಎದುರು ಬಂದ ಲಾರಿಗೆ ದಾರಿ ಬಿಟ್ಟ. ಆಮೇಲೆ, "ನಿಮ್ಮದು ದೊಡ್ಡ ಮನಸ್ಸು ಮೇಡಂ" ಎಂದ. "ಆ ಹುಡುಗಿಗೋಸ್ಕರ ಎಲ್ಲಾ ನಿಮ್ಮ ಮೈಮೇಲೆ ಹಾಕ್ಕೊಳ್ತಿದೀರ. ಇಷ್ಟು ಓದಿದೋರು ಇಂಥ ತಪ್ಪು ಮಾಡ್ತಾರಾ?"

ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಅವನ ಗೌರವವನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಸೊಸೆಯ ಅಣ್ಣನ ಮನೆ ಡ್ರೈವರನ ಊರಿನಲ್ಲೇ, ಅವನ ಮನೆಯಿಂದ ಎರಡು ಬೀದಿ ಆಚೆ. ಮುಂದೆ ಸೈಕಲ್ ರಿಪೇರಿ ಅಂಗಡಿ, ಹಿಂದೆ ಒಂದೇ ಕೋಣೆ. ಕೋಣೆಯ ಮೂಲೆಯಲ್ಲಿ ಗ್ಯಾಸ್ ಒಲೆ, ಅದರ ಮುಂದೆ ಅತ್ತಿಗೆ, ಅವಳ ತೊಡೆಯ ಮೇಲೆ ಎರಡು ಮೂರು ತಿಂಗಳ ಕೂಸು. ಹುಡುಗಿ ಗೋಡೆಯ ಕಡೆ ತಿರುಗಿ ಬಟ್ಟೆ ಮಡಿಸುತ್ತಿದ್ದಳು. ಇಪ್ಪತ್ತು ದಾಟಿರಲಾರದು. ಮಾವನನ್ನು ಕಂಡು ಎದ್ದು ನಿಂತು, ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿದಳು.

ಎಂಜಿನಿಯರಮ್ಮ ಅವಳ ಕೈ ಹಿಡಿದುಕೊಂಡಳು. "ನೋಡಮ್ಮ, ಮಗು ಹೋಗಿದ್ದು ನಿನ್ನಿಂದ ಅಲ್ಲ. ನಲ್ಲಿ ನೀರಲ್ಲಿ ವಿಷ ಇತ್ತು. ಪರೀಕ್ಷೆ ಮಾಡಿಸಿದೀನಿ. ನಿನ್ನ ತಪ್ಪು ಏನೂ ಇಲ್ಲ."

ಹುಡುಗಿ ಆಕೆಯನ್ನು ನೋಡಿದಳು, ಮಾವನನ್ನು ನೋಡಿದಳು. ಮುಖದಲ್ಲಿ ರಕ್ತ ಮರಳಿದ್ದು ಕಾಣಿಸಿತು.

"ಕೇಳಿದ್ರಾ ಮಾವ? ನಾನು ಬಡ್ಕೊಂಡೆ, ಒಬ್ಬರೂ ಕೇಳಲಿಲ್ಲ." ಅವಳ ಮಾತು ಒಮ್ಮೆಗೇ ನುಗ್ಗಿಬಂತು. "ಅತ್ತೆ ಕಾಯಿಸದೆ ಕೊಟ್ಟೆ ಅಂತಾರೆ. ಒಂದೇ ಒಂದು ಸಲನೂ ಹಾಗೆ ಮಾಡಿಲ್ಲ ಮೇಡಂ, ನನ್ನ ಮಗು ಮೇಲಾಣೆ. ನೀವು ಹೇಳಿ ಕಳಿಸಿದ್ರಲ್ಲ. ಕುದಿ ಬಂದ್ರೂ ಇಳಿಸ್ತಿರಲಿಲ್ಲ. ಅವಳು ಮಂಕಾದ ಮೇಲೆ ಇನ್ನೂ ಹೆದರಿಕೆ ಆಯ್ತು, ಇನ್ನೂ ಜಾಸ್ತಿ ಕಾಯಿಸಿದೆ. ಪಾತ್ರೆ ಅರ್ಧಕ್ಕೆ ಇಳಿಯೋವರೆಗೂ ಬಿಡ್ತಿರಲಿಲ್ಲ." ಉಸಿರು ಸಾಲದೆ ನಿಂತಳು. ಆಮೇಲೆ ದನಿ ಸಣ್ಣದಾಯಿತು. "ಇನ್ನೂ ಸ್ವಲ್ಪ ಹೊತ್ತು ಕಾಯಿಸಬೇಕಿತ್ತಾ ಮೇಡಂ?"

ಸತ್ಯ ಹೇಳಲೆಂದೇ ಬಂದವಳು ಆಕೆ. ಡ್ರೈವರ್ ಬಾಗಿಲಲ್ಲಿ ನಿಂತು ಉತ್ತರಕ್ಕೆ ಕಾಯುತ್ತಿದ್ದ. ಹುಡುಗಿಯ ಕೈ ಇನ್ನೂ ಆಕೆಯ ಕೈಯಲ್ಲಿತ್ತು, ಬೆರಳ ತುದಿಗಳಲ್ಲಿ ಬಿಸಿ ಪಾತ್ರೆ ಹಿಡಿದ ಸುಟ್ಟ ಕಲೆಗಳಿದ್ದವು.

"ಇಲ್ಲಮ್ಮ" ಎಂದಳು. "ನೀನು ಕಾಯಿಸಿದ್ದು ಸರಿಯಾಗೇ ಇತ್ತು."

ಹುಡುಗಿಯ ಭುಜಗಳು ಸಡಿಲವಾದವು. ಇಷ್ಟು ದಿನ ಹಿಡಿದಿಟ್ಟ ಅಳು ಈಗ ಬಂತು, ಬಾಯಿ ತೆರೆದು ಮಕ್ಕಳು ಅಳುವ ಹಾಗೆ ಅತ್ತಳು. ಡ್ರೈವರ್ ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟ. "ನಾಳೆ ಬಂದು ಕರ್ಕೊಂಡ್ ಹೋಗ್ತೀನಿ ಕಣಮ್ಮ" ಎಂದ.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡಿ ಮೇಡಂ, ಇವಳು ಬಂದಾಗಿಂದ ನನಗೂ ಅದನ್ನೇ ಹೇಳ್ಕೊಟ್ಟಿದಾಳೆ. ಅರ್ಧಕ್ಕೆ ಇಳಿಯೋವರೆಗೂ ಕುದಿಸು ಅತ್ತಿಗೆ, ನಿನ್ನ ಕೂಸಾದ್ರೂ ಚೆನ್ನಾಗಿರ್ಲಿ ಅಂತ." ಹೇಳುತ್ತ ಕೂಸನ್ನು ಹೆಗಲಿಗೆ ಹಾಕಿಕೊಂಡು, ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯ ಮುಚ್ಚಳ ತೆಗೆದು ಉರಿ ದೊಡ್ಡದು ಮಾಡಿದಳು. ಪಕ್ಕದಲ್ಲಿ ಹಾಲಿನ ಪುಡಿಯ ಡಬ್ಬಿ ಬಾಯಿ ತೆರೆದು ಕೂತಿತ್ತು.

ಎಂಜಿನಿಯರಮ್ಮ ನಾಲ್ಕು ಹೆಜ್ಜೆ ನಡೆದು ಒಲೆ ಆರಿಸಿದಳು.

"ಇನ್ನೂ ಆಗಿಲ್ಲ ಮೇಡಂ, ಅರ್ಧಕ್ಕೆ ಇಳೀಬೇಕು" ಎಂದಳು ಅತ್ತಿಗೆ.

ಆಕೆ ಇನ್ನೊಂದು ಕೈಯಿಂದ ಪುಡಿಯ ಡಬ್ಬಿ ಮುಚ್ಚಿದಳು. ಒಲೆಯ ತಿರುಪಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಹಿಂದೆ ಅಳು ನಿಂತಿತು. ಹುಡುಗಿ ಬಂದು ಪಕ್ಕದಲ್ಲಿ ನಿಂತಳು; ಆ ಕೈಯನ್ನು ನೋಡಿದಳು, ಆಕೆಯ ಮುಖವನ್ನು ನೋಡಿದಳು, ತುಂಬ ಹೊತ್ತು ನೋಡಿದಳು. ಆಮೇಲೆ ಪಾತ್ರೆಯ ಮೇಲೆ ಬಾಗಿದಳು. ಗುಳ್ಳೆಗಳು ಒಂದೊಂದಾಗಿ ನಿಂತು ನೀರು ಸುಮ್ಮನಾಯಿತು. ಪಾತ್ರೆಯ ಒಳಗೋಡೆಯಲ್ಲಿ, ನೀರು ಮೊದಲಿದ್ದ ಮಟ್ಟದಿಂದ ಈಗಿನ ಮಟ್ಟದವರೆಗೆ, ಬೆಳ್ಳನೆಯ ಪುಡಿ ಕಟ್ಟಿತ್ತು. ಹುಡುಗಿ ಅದರ ಮೇಲೆ ಬೆರಳಾಡಿಸಿ, ಬೆರಳನ್ನು ಕಣ್ಣ ಹತ್ತಿರ ಹಿಡಿದು ನಿಂತಳು.