ಎರಡು ಗಂಟೆ ಇಪ್ಪತ್ಮೂರು ನಿಮಿಷ

ಒಂದು ಪುಟ್ಟ ಅಡ್ಡಗೆರೆ, ಎಣಿಕೆಯ ಮುಂದೆ ಈ ಮೈನಸ್ಸು ಎಲ್ಲಿಂದ ಬಂತು, ಏರುತ್ತಲೇ ಹೋಗಬೇಕಾದದ್ದು ಇನ್ನೂರ ಹದಿನಾಲ್ಕು ಕೋಟಿ ದಾಟಿದ್ದೇ ತಲೆಕೆಳಗಾಗಿ ಬಿದ್ದಿದೆ, ಎಂಟು ಇಪ್ಪತ್ಮೂರಕ್ಕೆ — ಬೇಲೂರಿನ ಆಸ್ಪತ್ರೆಯ ಬೆಂಚಿನಲ್ಲಿ ಪುಷ್ಪಲತಾ ತೊಡೆಯ ಮೇಲಿನ ಲ್ಯಾಪ್‌ಟಾಪನ್ನೇ ನೋಡುತ್ತಿದ್ದಳು, ಫಿನಾಯಿಲ್ ವಾಸನೆ, ಒಳಗೆ ತೋಟದ ಆಳು ಜವರಪ್ಪ ನರಳುತ್ತಿದ್ದಾನೆ, ಆನೆ ಕೆಡವಿ ತೊಡೆಯ ಮೂಳೆ ಮುರಿದಿದೆ, ಹಾಸನಕ್ಕೆ ಒಯ್ಯಬೇಕು ಅಂದರು ನರ್ಸ್. ಬೆಳಗ್ಗೆ ಆರಕ್ಕೆ ಬಿಕ್ಕೋಡಿನ ಕಾಫಿ ತೋಟದ ಗೇಟಿನಲ್ಲಿ ರೇಡಿಯೋ ಡಬ್ಬ ಕೂರಿಸಿದ್ದು ಅವಳೇ, ಆನೆಯ ಕೊರಳಪಟ್ಟಿಯ ರೇಡಿಯೋ ಮಿಡಿತ ಕೇಳಿಸಿದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು, ಇಷ್ಟೇ ಜವರಪ್ಪ, ಅಂದಿದ್ದಳು, ಅವನು ತಲೆಯಾಡಿಸಿದ್ದ. ಡಬ್ಬದೊಳಗಿನ ಡ್ರೈವರ್ ಸಾಫ್ಟ್‌ವೇರ್ ಬರೆದದ್ದೂ ಅವಳೇ, ಹಿಡಿದ ಅಲೆಯನ್ನು ಸೆಕೆಂಡಿಗೆ ಎರಡೂವರೆ ಲಕ್ಷ ತುಣುಕು ಮಾಡಿ ಎಣಿಸಿ ಮೇಲಿನ ಪ್ರೋಗ್ರಾಮಿಗೆ ದಾಟಿಸುವುದು, ದಾಟಿಸುವ ಕಿಂಡಿ ಮಾತ್ರ ಹಳೆಯದು, ಮೂವತ್ತೆರಡು ಬಿಟ್ಟಿನದು, ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆಗಿಂತ ದೊಡ್ಡ ಎಣಿಕೆ ಅದರಲ್ಲಿ ಹಿಡಿಯುವುದಿಲ್ಲ, ಅರವತ್ನಾಲ್ಕು ಮಾಡೋಣ್ವಾ ಎಂದು ಜೊತೆಯ ಶಶಿಕಿರಣ್ ಕೇಳಿದ್ದನಲ್ಲ, ಬೇಡ ಕಣೋ, ಮೇಲಿನ ಪ್ರೋಗ್ರಾಮೆಲ್ಲ ಬದಲಾಯಿಸಬೇಕಾಗುತ್ತೆ, ಇದೇ ಸಾಕು — ಪರೀಕ್ಷೆಗೆಂದು ಮಾಲೇಕಲ್ಲು ಬೆಟ್ಟದ ಬುಡದಲ್ಲಿ ಕೊರಳಪಟ್ಟಿ ಇಟ್ಟು ಎರಡು ಗಂಟೆ ಓಡಿಸಿದರು, ಒಂದು ಮಿಡಿತವೂ ತಪ್ಪಿರಲಿಲ್ಲ, ಎರಡೇ ಗಂಟೆ, ಇನ್ನರ್ಧ ಗಂಟೆ ಕೂತಿದ್ದರೆ, ಬಿಸಿಲೆಂದು ಎದ್ದಳು, ಅರಸೀಕೆರೆಯಲ್ಲಿ ಅಮ್ಮ ಊಟಕ್ಕೆ ಕಾಯುತ್ತಿದ್ದರು. ಮೈನಸ್ಸೆಂದರೆ ಪ್ರೋಗ್ರಾಮಿಗೆ ಕಳೆದುಹೋದ ಹೊತ್ತು, ಹಳೆಯ ಮಿಡಿತವೆಂದು ಬಂದದ್ದನ್ನೆಲ್ಲ ಎಸೆದಿದೆ, ಆನೆ ಹತ್ತಿರ ಬರುತ್ತಲೇ ಇತ್ತು, ಡಬ್ಬ ಕೇಳಿಸಿಕೊಳ್ಳುತ್ತಲೇ ಇತ್ತು, ಕೇಳಿಸಿಕೊಂಡು ಎಸೆಯುತ್ತಲೇ ಇತ್ತು.

ಪಕ್ಕದಲ್ಲಿ ಯಾರೋ ಕೂತರು, ಲಲಿತಮ್ಮ, ಜವರಪ್ಪನ ಹೆಂಡತಿ, ಸೆರಗಿನ ತುದಿ ಬಾಯಲ್ಲಿ, ನಾನೇ ಕಣವ್ವ ಕಳ್ಸಿದ್ದು, ಮೋಟ್ರು ಹಾಕಕ್ಕೆ ಅವ್ನು ಅನುಮಾನಿಸ್ತಿದ್ದ, ಹಸ್ರು ಉರೀತೈತೆ ಹೋಗು ಅಂದೋಳು ನಾನು, ಪಾಪಿ ನಾನು. ಪುಷ್ಪಲತಾ ಲ್ಯಾಪ್‌ಟಾಪ್ ಮುಚ್ಚಿದಳು, ಸುಮ್ಮನಿದ್ದರೆ ಈಕೆ ಬದುಕಿಡೀ ಇದನ್ನೇ ಹೊತ್ತುಕೊಂಡಿರುತ್ತಾಳೆ, ಹೇಳು, ಹೇಳಿಬಿಡು — ಇಲ್ಲಮ್ಮ, ತಪ್ಪು ನಿಮ್ದಲ್ಲ, ನಂದು, ಆ ಡಬ್ಬ ಎರಡು ಗಂಟೆ ಇಪ್ಪತ್ಮೂರು ನಿಮಿಷ ಆದ್ಮೇಲೆ ಸುಳ್ಳು ಹೇಳುತ್ತೆ, ನಾನು ಮಾಡಿದ್ದು ಹಾಗೆ. ಲಲಿತಮ್ಮ ಅಳಲಿಲ್ಲ, ಬೈಯಲಿಲ್ಲ, ಮುಖ ನೋಡಿದಳು. ಅದು ಈಗ್ಲೂ ಉರೀತೈತಾ?

ಈಗಲೂ, ಅಯ್ಯೋ, ಈಗಲೂ, ಲೆಕ್ಕದ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಜೀಪು ಹತ್ತಿದ್ದಳು, ಡಬ್ಬ ಆರಿಸಿರಲಿಲ್ಲ, ಫೋನು ತೆಗೆದು ನಂಬರು ಒತ್ತಿದಳು, ತೋಟದ ಮೇಸ್ತ್ರಿ ಇಂದ್ರೇಶ್, ಎತ್ತು, ಎತ್ತಪ್ಪ — ಹಲೋ ಮೇಡಂ, ಜವರಪ್ಪ ಹೆಂಗವ್ನೆ? ಇಂದ್ರೇಶ್, ಡಬ್ಬದ ವೈರು ಕೀಳಿ, ಯಾರನ್ನೂ ಒಳಗೆ ಬಿಡ್ಬೇಡಿ. ಒಂಬತ್ತು ಜನ ಹಣ್ಣು ಕೀಳಕ್ಕೆ ಹೋದ್ರಲ್ಲ ಮೇಡಂ, ಆನೆ ದಾಟೋಗೈತೆ ಅಂತ, ಹಸ್ರಿತ್ತು. ಆಮೇಲೆ ಅವನು ಓಡುವ ಸದ್ದು, ಸೀಟಿ, ಕೂಗು, ಏಯ್ ಬನ್ರೋ ಆಚೆಗೆ, ಲಲಿತಮ್ಮನ ಕೈ ಪುಷ್ಪಲತಾಳ ಮಣಿಕಟ್ಟಿನ ಮೇಲೆ, ಎಷ್ಟು ಹೊತ್ತು, ಗೊತ್ತಿಲ್ಲ, ಏಳು, ಎಂಟು, ಮೀನಾಕ್ಷಿ ಎಲ್ಲಿ, ಬಂದ್ಲು, ಒಂಬತ್ತು. ಎಲ್ಲ ಬಂದ್ರು ಮೇಡಂ. ಬಿದಿರು ಮೆಳೆ ಹಿಂದೇನೇ ನಿಂತೈತಂತೆ, ಹತ್ತು ಮಾರು ಇಲ್ಲ, ಮೀನಾಕ್ಷಿ ಕಂಡ್ಲಂತೆ, ಕಿವಿ ಕೂಡ ಆಡಿಸ್ದೆ ನಿಂತಿತ್ತಂತೆ. ವೈರು ಕಿತ್ತಾಯ್ತು ಮೇಡಂ, ಕೇಳಿಸ್ತಾ, ಮೇಡಂ — ಕೇಳಿಸುತ್ತಿದೆ, ಆದರೆ ಅವಳ ಕಣ್ಣೆದುರು ಇನ್ನೂ ಒಂಬತ್ತು ಜನ ಬಗ್ಗಿ ಹಣ್ಣು ಕೀಳುತ್ತಿದ್ದಾರೆ, ಹಿಂದೆ ಬಿದಿರು, ಬಿದಿರಿನ ಸಂದಿಯಲ್ಲಿ ಅಲುಗದ ಒಂದು ಕಿವಿ, ಒಂಬತ್ತು ಬೆನ್ನು, ಆ ಕಿವಿ, ಆ ಕಿವಿ