ಸೊಸೆಯ ಆರು ಗಿಡ

ಮೇಷ್ಟ್ರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಅವಳು ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು ಎಂಬುದನ್ನು ಮಾವ ಮರೆತಿರಲಿಲ್ಲ. ಅವಳಿಗೂ ಅದನ್ನು ಮರೆಯಲು ಬಿಟ್ಟಿರಲಿಲ್ಲ.

ಹಿತ್ತಲು ಹನ್ನೆರಡು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಮೇಷ್ಟ್ರು ಪ್ರತಿ ವರ್ಷ ಅಲ್ಲಿ ಟೊಮೆಟೊ ಹಾಕುತ್ತಿದ್ದರು. ಗಿಡಗಳು ಪೊದೆಯಂತೆ ಸೊಂಪಾಗಿ ಹಬ್ಬುತ್ತಿದ್ದವು, ಹಣ್ಣು ಮಾತ್ರ ಗೋಲಿಯಷ್ಟು. ಬಟ್ಟೆ ಒಣಹಾಕಲು ಹೋಗುವ ಸೊಸೆ ದಿನಾ ಅವನ್ನು ನೋಡುತ್ತಿದ್ದಳು. ಗಾಳಿಗೆ ಒರಗಿದ ಗಿಡದ ಕಾಂಡ ಮಣ್ಣು ತಾಗಿದಲ್ಲೆಲ್ಲ ಬೇರು ಬಿಟ್ಟಿತ್ತು. ಬೆಕ್ಕು ಹಾರಿ ಪಕ್ಕದ ಚಿಗುರುಗಳೆಲ್ಲ ಮುರಿದಿದ್ದ ಗಿಡದಲ್ಲೇ ಎಲ್ಲಕ್ಕಿಂತ ದಪ್ಪ ಹಣ್ಣು ಬಂದಿತ್ತು. ಇವೆರಡೂ ಅವಳ ತಲೆಯಲ್ಲಿ ಕೂತುಬಿಟ್ಟವು.

ಮುಂದಿನ ಸಲ ಮೇಷ್ಟ್ರು ಹನ್ನೆರಡು ಸಸಿ ತಂದ ದಿನ ಅವಳು ಕೇಳಿಯೇಬಿಟ್ಟಳು.

"ಮಾವ, ಹನ್ನೆರಡರಲ್ಲಿ ಆರು ನನಗೆ ಕೊಡಿ."

"ಯಾಕಮ್ಮ, ಗಿಡಕ್ಕೂ ಅಂಗಿ ಹೊಲೀತೀಯಾ?"

"ಹೊಲಿಯೋದಿಲ್ಲ. ಕತ್ತರಿಸ್ತೀನಿ."

ಮೇಷ್ಟ್ರು ನಕ್ಕು ಎಡಗಡೆಯ ಸಾಲನ್ನು ಬಿಟ್ಟುಕೊಟ್ಟರು. ಇಬ್ಬರಿಗೂ ಅದೇ ಸಸಿ, ಅದೇ ಗೊಬ್ಬರ ಎಂದು ಮೊದಲೇ ಮಾತಾಯಿತು.

ಅವಳು ಆಳವಾಗಿ ಗುಂಡಿ ತೋಡಿ, ಕೆಳಗಿನ ಎಲೆಗಳನ್ನು ಚಿವುಟಿ, ತುದಿಯ ನಾಲ್ಕೆಲೆಯಷ್ಟೇ ಕಾಣುವಂತೆ ಕಾಂಡವನ್ನೆಲ್ಲ ಮಣ್ಣಲ್ಲಿ ಮುಚ್ಚಿದಳು.

"ಅಯ್ಯೋ, ಜೀವಂತ ಹೂತುಬಿಟ್ಟಳಲ್ಲಪ್ಪ!" ಎಂದು ಮೇಷ್ಟ್ರು ಮಗನನ್ನು ಕೂಗಿದರು. ಮಗ ಬೇಕರಿಯಲ್ಲಿ ಒಲೆಯ ಮುಂದೆ ಬೆವರು ಸುರಿಸಿ ಆಗಷ್ಟೇ ಬಂದಿದ್ದ. ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಸ್ನಾನಕ್ಕೆ ಹೋದ.

ಎರಡು ವಾರ ಎಡಗಡೆಯ ಸಾಲು ಮುಷ್ಕರ ಹೂಡಿದಂತೆ ಕದಲಲಿಲ್ಲ. ಆಮೇಲೆ ಎದ್ದಿತು ನೋಡಿ, ದಿನಕ್ಕೊಂದು ಗೇಣು ಎನ್ನುವ ಹಾಗೆ! ಸೊಸೆ ಒಂದೊಂದು ಗಿಡಕ್ಕೂ ಕೋಲು ನೆಟ್ಟು, ಉಳಿದ ಬಟ್ಟೆಯ ಪಟ್ಟಿಗಳಿಂದ ಸಡಿಲವಾಗಿ ಕಟ್ಟಿದಳು. ಎಲೆಯ ಕಂಕುಳಲ್ಲಿ ಮೂಡುವ ಚಿಗುರನ್ನು ಬೆರಳುದ್ದ ಆಗುವ ಮೊದಲೇ ಚಿವುಟಿ ಎಸೆಯುತ್ತಿದ್ದಳು.

"ಎಲೆ ಅಂದ್ರೆ ಗಿಡದ ಅಡುಗೆಮನೆ. ನೀನು ಒಲೇನೇ ಕಿತ್ತು ಹಾಕ್ತಿದೀಯ," ಎಂದರು ಮೇಷ್ಟ್ರು.

"ಒಲೆ ಹಾಗೇ ಇದೆ ಮಾವ. ಊಟಕ್ಕೆ ಕೂತವರನ್ನ ಕಮ್ಮಿ ಮಾಡ್ತಿದೀನಿ, ಅಷ್ಟೇ."

ಒಂದು ಬೆಳಿಗ್ಗೆ ಅವಸರದಲ್ಲಿ ಅವಳು ಐದನೇ ಗಿಡದ ಪಕ್ಕದ ಚಿಗುರೆಂದುಕೊಂಡು ನಡುಗಾಂಡದ ತುದಿಯನ್ನೇ ಕತ್ತರಿಸಿಬಿಟ್ಟಳು. ತುದಿಯನ್ನು ಅಂಗೈಯಲ್ಲಿಟ್ಟುಕೊಂಡು ಮಾವನ ಬಳಿಗೆ ಹೋದಳು. ಮೇಷ್ಟ್ರು ಚುಚ್ಚು ಮಾತಾಡಲಿಲ್ಲ. ಕನ್ನಡಕ ಹಾಕಿಕೊಂಡು ಬಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಇಲ್ಲಿ ಮೇಲಿನ ಕವಲು ಇದೆ ನೋಡು. ಇದೊಂದನ್ನ ಬಿಟ್ಟುಬಿಡು. ಇನ್ಮುಂದೆ ಇದೇ ತಲೆ."

ಹಾಗೆಯೇ ಆಯಿತು. ಅವತ್ತಿನಿಂದ ಮೇಷ್ಟ್ರು ಕಾಫಿ ಲೋಟ ಹಿಡಿದು ಎಡಗಡೆಯ ಸಾಲಿನ ಹತ್ತಿರವೇ ನಿಲ್ಲತೊಡಗಿದರು.

ಬಿಸಿಲು ಏರಿದ ವಾರ ಹೂಗಳು ಉದುರತೊಡಗಿದವು. ಅವಳು ಹಳೆಯ ಪರದೆ ತಂದು ಎರಡೂ ಸಾಲಿನ ಮೇಲೆ ನೆರಳು ಕಟ್ಟಿದಳು. ತನ್ನ ಗಿಡಗಳ ಬುಡಕ್ಕೆ ಒಣ ಎಲೆ ಹಾಸಿ, ಒಂದು ದಿನವೂ ತಪ್ಪದೆ ನೀರು ಕೊಟ್ಟಳು. ಹತ್ತು ಗಂಟೆಯ ಹೊತ್ತಿಗೆ ಹೂಗೊಂಚಲುಗಳನ್ನು ಬೆರಳಿಂದ ಮೆಲ್ಲಗೆ ತಟ್ಟುತ್ತಿದ್ದಳು. ಅರಿಶಿನದಂಥ ಪರಾಗ ಉಗುರಿಗೆ ಅಂಟುತ್ತಿತ್ತು.

ಹಣ್ಣು ಬಂತು. ಬೆರಳು ತಾಗಿದರೆ ಸಾಕು, ತೊಟ್ಟು ಬಿಟ್ಟು ಅಂಗೈ ತುಂಬುವಂಥ ಹಣ್ಣು. ಮೇಷ್ಟ್ರು ತಾವೇ ತಕ್ಕಡಿ ಹಿಡಿದು ಪ್ರತಿ ಕೊಯ್ಲನ್ನೂ ತೂಗಿ ಬರೆದಿಟ್ಟರು. ಕೊನೆಯ ಕೊಯ್ಲನ್ನು ತೂಗಿದಾಗ ಒಟ್ಟು ಬಲಗಡೆ ಹನ್ನೊಂದು ಕಿಲೊ, ಎಡಗಡೆ ಇಪ್ಪತ್ತೊಂಬತ್ತು. ಮೂರು ಸಲ ಕೂಡಿಸಿ ನೋಡಿದರು. ಲೆಕ್ಕ ಬದಲಾಗಲಿಲ್ಲ.

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮಾವನಿಗೆ ಬೇಜಾರಾಯಿತೇನೋ ಎಂದು ಸೊಸೆ ಸಂಕಟಪಟ್ಟಳು. ಒಂದು ಗಂಟೆ ಕಳೆದು ಅವರು ವಾಪಸ್ಸು ಬಂದಾಗ ಹಿಂದೆ ಹಳೆಯ ಶಾಲೆಯ ಒಂದು ತರಗತಿಯೇ ಇತ್ತು, ಜೊತೆಗೆ ಅವರ ಜಾಗಕ್ಕೆ ಬಂದ ಟೀಚರು.

"ಇವಳು ನನ್ನ ಸೊಸೆ," ಎಂದರು ಮೇಷ್ಟ್ರು, ಹಿತ್ತಲಿಗೆಲ್ಲ ಕೇಳುವಂಥ ದನಿಯಲ್ಲಿ. "ಇವತ್ತಿನ ಪಾಠ ಇವಳದು. ನಾನೂ ಕೂತ್ಕೋತೀನಿ."

ಮುಂದೆ ನಿಂತಿದ್ದ ಹುಡುಗಿಯೊಬ್ಬಳು, "ಯಾವ ಚಿಗುರು ಕೀಳಬೇಕು ಅಂತ ಹೇಗೆ ಗೊತ್ತಾಗುತ್ತೆ ಅಕ್ಕ?" ಎಂದಳು. ಸೊಸೆ ಮಾವನತ್ತ ನೋಡಿದಳು.

"ನನ್ನ ಮುಖ ಯಾಕೆ ನೋಡ್ತೀಯ? ಉತ್ತರ ನಿನ್ನ ಹತ್ರ ಇದೆ."

ಅವಳು ಒಂದು ಎಲೆಯನ್ನು ಮೇಲೆತ್ತಿ ಮಾತು ಶುರು ಮಾಡಿದಳು. ಮಕ್ಕಳು ಕತ್ತು ಚಾಚಿದರು. ಮುಕ್ಕಾಲು ಗಂಟೆ ಕಳೆದದ್ದು ಅವಳಿಗೇ ತಿಳಿಯಲಿಲ್ಲ.

ಸಂಜೆ ಮೇಷ್ಟ್ರು ಬುಟ್ಟಿ ತುಂಬ ಹಣ್ಣು ಹೊತ್ತು ಬೀದಿಯ ಮನೆಮನೆಗೂ ಹೋದರು. ವರ್ಷಗಳಿಂದ ಮಾತು ಬಿಟ್ಟಿದ್ದ ಮೂಲೆಮನೆಯ ಕಾಂಟ್ರಾಕ್ಟರನ ಬಾಗಿಲನ್ನೂ ತಟ್ಟಿದರು.

"ತಗೊಳ್ಳಿ," ಎಂದರು ಎದೆಯುಬ್ಬಿಸಿ, "ನಮ್ಮ ಸೊಸೆ ಬೆಳೆದಿದ್ದು."