ಕಟುಕರು ಎಂಬ ಹೆಸರು

ಹಾರ್ಲನ್ ಫೆರಿಯ ಬೇಸ್‌ಬಾಲ್ ತಂಡಕ್ಕೆ ಆ ವರ್ಷದವರೆಗೂ ಬೇರೆ ಹೆಸರಿರಲಿಲ್ಲ. ಊರಿನ ಹೆಸರೇ ತಂಡದ ಹೆಸರು. ಸಂಬಳಕ್ಕೆ ಆಡುತ್ತಿದ್ದವರಲ್ಲಿ ಓವನ್ ಪ್ರಿಚರ್ಡ್‌ನಷ್ಟು ಬಿರುಸಾಗಿ ಓಡುವವನು ಇನ್ನೊಬ್ಬನಿರಲಿಲ್ಲ.

ನದಿಯಾಚೆಯ ಊರಿನಲ್ಲಿ ಅಲ್ಲಿನವರ ಮೇಲೆ ಆಟವಿದ್ದ ದಿನ ಮ್ಯಾನೇಜರ್ ಕ್ರೌಲಿ ಒಂದು ಅರ ತಂದು ಅವನ ಮುಂದಿಟ್ಟ.

"ಬೂಟಿನ ಅಡಿ ಮೊಳೆ ಮಸೆಯೋ. ಎರಡನೇ ಬೇಸ್ ಕಾಯೋ ಆ ಗಸ್ ಲೆಮ್ಕೆ ದಾರಿ ಬಿಡೋನಲ್ಲ. ಬಿಡೋ ಹಾಗೆ ಮಾಡು."

"ಗಸ್ಸು ನನ್ ಜೊತೆ ಕಬ್ಬಿಣದ ಕುಲುಮೇಲಿ ದುಡಿದೋನು, ಸಾಹೇಬ್ರೇ."

"ಅಷ್ಟೊಂದು ಕರುಳು ಚುರ್ ಅಂದ್ರೆ ನಾಳೆಯಿಂದ ಬರಬೇಡ."

ಓವನ್ ಮಸೆದ.

ಆಟ ಸಮಸಮವಾಗಿ ಸಾಗಿತ್ತು. ಓವನ್ ಮೊದಲ ಬೇಸ್ ಬಿಟ್ಟು ಎರಡನೆಯದರತ್ತ ಓಡಿದ. ಗಸ್ ಚೆಂಡು ಹಿಡಿದು ದಾರಿಗೆ ಅಡ್ಡ ಬಾಗಿದ್ದ. ಓವನ್ ಕಾಲು ಮುಂದೆ ಮಾಡಿ ನೆಲದ ಮೇಲೆ ಜಾರಿದ. ಮೊಳೆಗಳು ಗಸ್‌ನ ಮೊಣಕಾಲಿನ ಕೆಳಗೆ ಹೊಕ್ಕು ಮೀನಖಂಡವನ್ನು ಸೀಳಿಕೊಂಡು ಇಳಿದವು. ಒಂದು ಕ್ಷಣ ಬಿಳಿ ಎಲುಬು ಕಂಡಿತು, ಆಮೇಲೆ ಬರೀ ರಕ್ತ.

"ಓವೀ, ನೀನೇನೋ?" ಎಂದ ಗಸ್, ನಂಬಲಾಗದೆ.

"ಕಟುಕರು! ಕಟುಕ ನನ್ಮಕ್ಳು!" ಎಂದು ಕೂಗುತ್ತ ಜನ ಬೇಲಿ ಹಾರಿದರು. ಬಾಟಲಿಗಳು ಬಿದ್ದವು, ಕಲ್ಲುಗಳು ಬಿದ್ದವು. ಯಾರೋ ಬ್ಯಾಟಿನಿಂದ ಓವನ್ನನ ಬಾಯಿಗೆ ಹೊಡೆದರು. ಹಲ್ಲುಗಳು ಮಣ್ಣಿನಲ್ಲಿ ಉದುರಿದವು. ಅವನ ತಂಡದಲ್ಲಿ ಚೆಂಡು ಎಸೆಯುತ್ತಿದ್ದ ಟಕರ್‌ನ ಒಂದು ಕಣ್ಣು ಅಲ್ಲೇ ಹೋಯಿತು. ಕ್ರೌಲಿ ಮಾತ್ರ ಕುದುರೆಗಾಡಿ ಹತ್ತಿ ಪಾರಾದ.

ಗಸ್‌ನ ಗಾಯ ಕೊಳೆಯಿತು. ಕಾಲು ಕತ್ತರಿಸಿದರು. ನೋಡಲು ಹೋದ ಓವನ್ನನ ಕೆನ್ನೆಗೆ ಗಸ್‌ನ ಹೆಂಡತಿ ಹೆಡ್ವಿಗ್ ಬಾಗಿಲಲ್ಲೇ ಬಾರಿಸಿದಳು.

"ಬಿಡೇ, ಬರಲಿ," ಎಂದ ಗಸ್ ಹಾಸಿಗೆಯಿಂದ. "ಯಾರು ಹೇಳಿದ್ದೋ?"

"ಕ್ರೌಲಿ."

"ಮಸೆದೋರು?"

"ನಾನೇ."

ಗಸ್ ಗೋಡೆಯತ್ತ ತಿರುಗಿ ಮಲಗಿದ.

ವಸಂತದಲ್ಲಿ ಕ್ರೌಲಿ ತಂಡಕ್ಕೆ ಹೊಸ ಅಂಗಿ ಹೊಲಿಸಿದ. ಎದೆಯ ಮೇಲೆ ಕೆಂಪಕ್ಷರದಲ್ಲಿ 'ಕಟುಕರು'. ಒಂದನ್ನು ಓವನ್ನನ ಕೈಗಿಟ್ಟ.

"ಇದು ಬೈಗುಳ ಅಲ್ಲ ಕಣೋ, ಅಪ್ಪಟ ಬಂಗಾರ! ಹೆಸರು ಕೇಳಿಯೇ ಜನ ಮುಗಿಬೀಳ್ತಾರೆ. ನೋಡ್ತಿರು, ಆ ಕಾಲು ನಮ್ ತಂಡಕ್ಕೇ ಭಾಗ್ಯ ತಂತು."

ಓವನ್ ಅಂಗಿಯನ್ನು ನೆಲಕ್ಕೆಸೆದು ಅವನ ಮೂಗಿಗೆ ಗುದ್ದಿದ. ಮೂಗು ಮುರಿದ ಸದ್ದು ಕೇಳಿದರೂ ಕೈ ನಿಲ್ಲಲಿಲ್ಲ. ಜೊತೆಯ ಆಟಗಾರರು ಎಳೆದು ಬಿಡಿಸುವಷ್ಟರಲ್ಲಿ ಕ್ರೌಲಿಗೆ ಪ್ರಜ್ಞೆ ಇರಲಿಲ್ಲ.

ಓವನ್ ಜೈಲಿಗೆ ಹೋದ. ಹೊರಗೆ ಬಂದ ಮೇಲೆ ಕಲ್ಲಿದ್ದಲು ಸಾಗಿಸುವ ದೋಣಿಗಳಲ್ಲಿ ದುಡಿದ. ಹೆಸರು ಮಾತ್ರ ಉಳಿಯಿತು. ಅದು ಊರಿನ ಕಸಾಯಿಖಾನೆಯಿಂದ ಬಂದದ್ದೆಂದು ತಂಡದವರು ಹೇಳುತ್ತಿದ್ದರು. ಓವನ್ನನನ್ನು ಕೇಳಿದರೆ ಅವನು ಮೊದಲು ಗಸ್ ಲೆಮ್ಕೆಯ ಹೆಸರು ಹೇಳುತ್ತಿದ್ದ, ಆಮೇಲೆ ತನ್ನದು.